ಮೂರನೆಯ ಸೂಜಿಮದ್ದು

ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. ಬಿಳಿ ರಕ್ತಕಣಗಳು ಇರಬೇಕಾದದ್ದರಲ್ಲಿ ಕಾಲು ಭಾಗವೂ ಇರಲಿಲ್ಲ.

“ಪ್ರತಿ ಸಲ ಕೀಮೋ ಆದ ಮೇಲೆ ಕಣ ಬೆಳೆಸೋ ಇಂಜೆಕ್ಷನ್ ಒಂದು ಕೊಟ್ಟಿದ್ದೀವಿ. ಆದರೂ ಈ ಸಲ ಏರಿಲ್ಲ. ಈಗ ಸಣ್ಣ ಸೋಂಕು ತಗುಲಿದರೂ ನಿಮ್ಮ ಮೈ ತಡೆಯಲ್ಲ. ಮುಂದಿನ ಸಲದಿಂದ ಕೀಮೋ ಡೋಸ್ ಇಳಿಸೋಣ.”

“ಇಳಿಸಿದರೆ ಗಡ್ಡೆ ಕರಗುತ್ತಾ?”

“ಖಾತ್ರಿ ಹೇಳೋಕಾಗಲ್ಲ.”

“ಹಾಗಾದ್ರೆ ಇಳಿಸಬೇಡಿ.”

ಪೊಲೀಸ್ ಇಲಾಖೆಯಲ್ಲಿ ಜೀವ ತೇಯ್ದು ನಿವೃತ್ತಳಾದ ಇನ್ಸ್‌ಪೆಕ್ಟರಮ್ಮನಿಗೆ ಎದುರಾಡುವುದು ಹುಟ್ಟುಗುಣ. ತಲೆಗೂದಲು ಹೋಗಿತ್ತು, ಉಗುರು ಕಪ್ಪಿಟ್ಟಿತ್ತು; ಆ ಗುಣ ಮಾತ್ರ ಎಳ್ಳಷ್ಟೂ ಉದುರಿರಲಿಲ್ಲ. ಮೊದಲೆರಡು ಸಲ ಕಣಗಳು ಸರಸರನೆ ಏರಿದ್ದವು. ಮೂರನೆಯ ಸಲ ಏಕಿಲ್ಲ? ಮೈಯೇ ಕೈಚೆಲ್ಲಿತೆಂದು ನಂಬಲು ಆಕೆ ಸುತರಾಂ ತಯಾರಿರಲಿಲ್ಲ.

ಜೊತೆಗೆ ಬಂದಿದ್ದ ತಮ್ಮ ಐಸ್‌ಕ್ರೀಮ್ ಕಾರ್ಖಾನೆಯ ಯಜಮಾನ. ಅಕ್ಕನೆಂದರೆ ಪ್ರಾಣ. ಮನೆಗೆ ಬಂದು ಇಂಜೆಕ್ಷನ್ ಕೊಡುತ್ತಿದ್ದ ನರ್ಸ್ ಕೂಡ ಜೊತೆಗಿದ್ದಳು. ಅವಳ ಕಡೆ ಅವನು ಬೆರಳು ತೋರಿಸಿದ.

“ಎಲ್ಲ ಇವಳದೇ ಕೆಲಸ. ಔಷಧಿ ಮಾರ್ಕೊಂಡು ಅಕ್ಕನಿಗೆ ನೀರು ಚುಚ್ಚಿದ್ದಾಳೆ.”

ನರ್ಸಿನ ಮುಖ ಬಿಳಚಿಕೊಂಡಿತು. “ಮೇಡಂ, ನಿಮ್ಮ ಕಣ್ಣೆದುರೇ ಅಲ್ವಾ ಸೀಲ್ ಒಡೆದದ್ದು?”

“ಹೌದು. ಮೂರು ಸಲವೂ.”

“ಹಾಗಾದ್ರೆ ಅಂಗಡಿಯವನೇ ನಕಲಿ ಮಾಲು ಕೊಟ್ಟಿರಬೇಕು” ಎಂದ ತಮ್ಮ.

“ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದೆವಲ್ಲೋ. ಎರಡು ಅಸಲಿ, ಒಂದು ನಕಲಿ — ಅದ್ಹೇಗೆ?” ಆಕೆ ಡಾಕ್ಟರ ಕಡೆ ತಿರುಗಿದಳು. “ಮೊದಲೆರಡು ಸಲ ಸೊಂಟದ ಮೂಳೆ ಒನಕೆಯಲ್ಲಿ ಕುಟ್ಟಿದ ಹಾಗೆ ನೋಯ್ತು. ಯಾಕೆ?”

“ಮೂಳೆಯೊಳಗಿನ ಮಜ್ಜೆ ಹೊಸ ಕಣ ತಯಾರಿಸೋಕೆ ಶುರುಮಾಡಿದಾಗ ಎಷ್ಟೋ ಜನಕ್ಕೆ ಹಾಗೇ ಆಗುತ್ತೆ.”

“ಈ ಸಲ ನೋಯಲೇ ಇಲ್ಲ. ಸದ್ಯ, ಬದುಕಿದೆ ಅಂದ್ಕೊಂಡೆ. ನಾವೆಲ್ಲ ಎಡವಿದ್ದೇ ಅಲ್ಲಿ. ಮಜ್ಜೆ ಎಚ್ಚರವೇ ಆಗಿಲ್ಲ. ಅಂದ್ರೆ ಮದ್ದು ನನ್ನ ಮೈಗೆ ಬರೋ ಮೊದಲೇ ಕೆಟ್ಟಿತ್ತು.”

ಆಕೆ ತಮ್ಮನನ್ನೇ ದಿಟ್ಟಿಸಿದಳು.

“ಎರಡನೇದು ಆದ ಮೇಲೆ ನಮ್ಮ ಫ್ರಿಜ್ ಕೆಟ್ಟಿತು. ಉಳಿದದ್ದನ್ನ ಎಲ್ಲಿಟ್ಟಿದ್ದೆ?”

“ಕಾರ್ಖಾನೇಲಿ.”

“ಕಾರ್ಖಾನೇಲಿ ಎಲ್ಲಿ?”

“ಒಳಕೋಣೇಲಿ... ಐಸ್‌ಕ್ರೀಮ್ ಗಟ್ಟಿಯಾಗೋ ಕಡೆ. ತಣ್ಣಗಿರಬೇಕು ಅಂದಿದ್ರಲ್ಲ? ಅದಕ್ಕಿಂತ ತಣ್ಣಗಿರೋ ಜಾಗ ಇನ್ನೆಲ್ಲಿದೆ? ಕಲ್ಲಿನ ಹಾಗೆ ಕಾಪಾಡಿದ್ದೆ ಅಕ್ಕಾ. ಇಂಜೆಕ್ಷನ್ ದಿನ ಕರಗಿಸಿ ತಂದೆ.”

ಡಾಕ್ಟರು ಹಣೆ ಒತ್ತಿಕೊಂಡರು. “ಅಷ್ಟು ದಿನ ಹೆಪ್ಪುಗಟ್ಟಿದ ಮೇಲೆ ಆ ಮದ್ದನ್ನ ನಂಬೋ ಹಾಗಿಲ್ಲ. ಬಿಸಾಡಬೇಕಿತ್ತು.”

“ಕಳ್ಳ ನೀನೇ ಕಣೋ” ಎಂದಳು ಅಕ್ಕ. “ಜೀವಮಾನವೆಲ್ಲ ಮಾಲು ಕರಗುತ್ತೆ ಅಂತ ಹೆದರಿದವನಿಗೆ, ಹೆಪ್ಪುಗಟ್ಟಿದರೂ ಕೆಡುತ್ತೆ ಅಂತ ಹೊಳೀಲೇ ಇಲ್ಲ.”

ಅವನ ಕಣ್ಣು ತುಂಬಿತು. “ನಾನೇ ನಿನ್ನ ಕೊಂದುಬಿಡ್ತಿದ್ದೆ.”

“ನನ್ನ ಕೊಲ್ಲೋದು ಅಷ್ಟು ಸುಲಭ ಅಲ್ಲ. ಮೊದಲು ಆ ಹುಡುಗಿಗೆ ತಪ್ಪಾಯ್ತು ಅನ್ನು.”

ಅವನು ನರ್ಸಿಗೆ ಕೈ ಮುಗಿದ. ಅವಳಿಗೆ ಸಿಟ್ಟು ಇಳಿದಿರಲಿಲ್ಲ, ಸುಮ್ಮನೆ ತಲೆಯಾಡಿಸಿದಳು.

“ಡಾಕ್ಟ್ರೇ, ಸೋತದ್ದು ಮದ್ದು. ನನ್ನ ಮೈಯಲ್ಲ.”

“ಕಣಗಳು ತಾವಾಗೇ ಏರೋವರೆಗೂ ಕಾಯಬೇಕು. ಹುಷಾರಾಗಿರಬೇಕು. ಆಮೇಲೆ ಹೊಸ ಇಂಜೆಕ್ಷನ್ ಜೊತೆ—”

“ಜೊತೆ?”

“ಪೂರ್ತಿ ಡೋಸ್.”

“ಬರೀರಿ” ಎಂದಳು ಇನ್ಸ್‌ಪೆಕ್ಟರಮ್ಮ. ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಅವರು ಬರೆದು ಸಹಿ ಹಾಕುವವರೆಗೂ ಕುರ್ಚಿ ಬಿಟ್ಟೇಳಲಿಲ್ಲ.