ಅರ್ಧಕ್ಕೆ ನಿಂತ ಮಾತು

ನರೀನ್ ಪಟ್ಟಣದ ಪಶುವೈದ್ಯ ತಾಲಾಯ್‌ಗೆ ಒಂದು ಅಭ್ಯಾಸವಿತ್ತು. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧಕ್ಕೇ ಪರಿಹಾರ ಕೊಟ್ಟುಬಿಡುತ್ತಿದ್ದ.

ಭೂಗೋಳದ ಟೀಚರ್ ಬೇಗಿಮಾಯ್ ನಾಲ್ಕು ಭಾನುವಾರಗಳಿಂದ ಅವನೊಂದಿಗೆ ಚಹಾ ಕುಡಿಯಲು ಬರುತ್ತಿದ್ದಳು. ಆ ದಿನ ಪಿಂಗಾಣಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅವನತ್ತ ನೋಡಿಯೂ ನೋಡದ ಹಾಗೆ ನೋಡಿ, ಶುರು ಮಾಡಿದಳು.

"ನಮ್ಮಮ್ಮನ ಮನೆ ಇದೆಯಲ್ಲ, ಅಲ್ಲಿ..."

"ಮಾರಿಬಿಡಿ. ಹಿಮ ಬೀಳೋಕೆ ಮುಂಚೆ ಮಾರಿದ್ರೆ ಒಳ್ಳೇದು. ನನಗೆ ಗೊತ್ತಿರೋರು ಒಬ್ರಿದಾರೆ."

ಬೇಗಿಮಾಯ್ ಬಟ್ಟಲು ಕೆಳಗಿಟ್ಟಳು.

"ಹಸುವಿನ ಹೊಟ್ಟೆಗೆ ಕಿವಿಗೊಟ್ಟು ಎಷ್ಟು ಹೊತ್ತು ಕೂರ್ತೀರಿ?"

"ಐದು ನಿಮಿಷ. ಯಾಕೆ?"

"ಪುಣ್ಯ ಮಾಡಿದೆ ಬಿಡಿ ಹಸು," ಎಂದು ಎದ್ದು ಹೋದಳು.

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ತಾಲಾಯ್ ತನ್ನ ತಂಗಿ ಐಚುರೋಕ್‌ಗೆ ವಿಷಯ ಹೇಳಿದ.

"ಮನೆ ಮಾರ್ತೀನಿ ಅಂತ ಅವಳು ಹೇಳಿದ್ಳಾ, ಅಣ್ಣ?"

"ಇಲ್ಲ."

"ಮತ್ತೆ ಏನು ಹೇಳಿದ್ಳು?"

ಅವನಿಗೆ ಗೊತ್ತಿರಲಿಲ್ಲ. ಆ ಸಂಜೆಯೇ ಬೇಗಿಮಾಯ್‌ಳ ಬಾಡಿಗೆ ಮನೆಗೆ ಹೋದ. ಅವಳು ಅಂಗಳದಲ್ಲಿ ಕಂಬಳಿಯ ಧೂಳು ಕೊಡವುತ್ತಿದ್ದಳು.

"ಅವತ್ತು ಅಮ್ಮನ ಮನೆ ಬಗ್ಗೆ ಏನೋ ಹೇಳ್ತಿದ್ರಿ. ನಾನು ಕೇಳ್ಲಿಲ್ಲ. ಈಗ ಹೇಳ್ತೀರಾ?"

ಅವಳು ಕಂಬಳಿ ಕೊಡವುವುದನ್ನು ನಿಲ್ಲಿಸಿದಳು.

"ಅಮ್ಮ ತೀರ್ಕೊಂಡು ಆರು ತಿಂಗಳಾಯ್ತು. ಈಗ್ಲೂ ಆ ಮನೆ ಬಾಗಿಲು ತೆಗೆದ ತಕ್ಷಣ ಅಮ್ಮಾ ಅಂತ ಕೂಗ್ಬಿಡ್ತೀನಿ. ಆಮೇಲೆ ನನಗೇ ನಾಚಿಕೆ ಆಗತ್ತೆ."

ಅವಳು ಮಾತು ನಿಲ್ಲಿಸಿದಳು. ತಾಲಾಯ್‌ನ ನಾಲಿಗೆಯ ತುದಿಗೆ ಮೂರು ಸಲಹೆಗಳು ಬಂದವು. ಗೋಡೆಗೆ ಹೊಸ ಬಣ್ಣ, ಒಂದು ನಾಯಿ, ಜೊತೆಗಿರಲು ತನ್ನ ತಂಗಿ. ಮೂರನ್ನೂ ನುಂಗಿಕೊಂಡ. ಸುಮ್ಮನಿರುವುದು ಅವನಿಗೆ ಸುಲಭವಾಗಿರಲಿಲ್ಲ, ಕಿವಿ ಕೆಂಪಾಯಿತು.

ಅವಳು ಓರೆಗಣ್ಣಲ್ಲಿ ಅದನ್ನು ಗಮನಿಸಿದಳು. ಅವನು ಬಾಯಿ ಹಾಕುವುದಿಲ್ಲವೆಂದು ಖಚಿತವಾದ ಮೇಲೆ ಉಳಿದದ್ದನ್ನು ಹೇಳಿದಳು.

"ಅಮ್ಮ ಹೋದ್ಮೇಲೆ ಆ ಮನೆಗೆ ಯಾರನ್ನೂ ಕರ್ಕೊಂಡು ಹೋಗಿಲ್ಲ. ಅವತ್ತು ನಿಮ್ಮನ್ನ ಕರೆಯೋಣ ಅಂತಿದ್ದೆ."

"ಈಗ್ಲೂ ಕರೀತೀರಾ?"

ಬೇಗಿಮಾಯ್ ಕಂಬಳಿ ಮಡಚಿಟ್ಟು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಗೇಟು ತೆಗೆದಳು.

"ಕತ್ತಲಾಗೋದ್ರೊಳಗೆ ಹೋಗ್ಬೇಕು. ಬಾ."

ನಿಮ್ಮನ್ನ ಎನ್ನುತ್ತಿದ್ದವಳು ಬಾ ಎಂದಿದ್ದಳು. ತಾಲಾಯ್ ಅದನ್ನು ಕೇಳಿಸಿಕೊಂಡ.