ಕ್ಯಾಮೆರಾದಲ್ಲಿ ಕಂಡ ನೀಲಿ ಆಕಾಶ

"ಸುರಭಿ..."

ಎಲ್ ಸೆಗುಂಡೋದ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲಿಗೆ ಕೈ ಹಾಕಿದ್ದವಳು ಹಾಗೇ ನಿಂತುಬಿಟ್ಟಳು. ಆ ದನಿ... ಆರು ತಿಂಗಳು ದಿನಾ ಫೋನಿನಲ್ಲಿ ಕೇಳಿದ ದನಿ. ಒಂಬತ್ತು ದಿನದ ಹಿಂದೆ ಅವಳೇ ಬ್ಲಾಕ್ ಮಾಡಿದ ದನಿ.

ತಿರುಗಿದಳು. ಅಭಯ್! ಅಲಾಸ್ಕಾದ ಉತ್ತರ ತುದಿಯ ಹಳ್ಳಿಯೊಂದಕ್ಕೆ ಇರುವ ಒಬ್ಬನೇ ಡಾಕ್ಟರ್. ಡಿಸೆಂಬರಿನಲ್ಲೂ ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುವ ಇಲ್ಲಿನ ಮಧ್ಯಾಹ್ನದಲ್ಲಿ ಇವನ ಕಾಲಲ್ಲಿ ಮೊಣಕಾಲುದ್ದದ ಬೂಟು, ಕಂಕುಳಲ್ಲಿ ದಪ್ಪ ಜಾಕೆಟ್ಟು. ವೀಡಿಯೊ ಕಾಲಿನಲ್ಲಿ ಕಂಡದ್ದಕ್ಕಿಂತ ಎತ್ತರ, ಸೋತ ಮುಖ. ಮೊದಲ ಸಲ ಎದುರಾಬದುರು ನೋಡುತ್ತಿದ್ದಾಳೆ, ಅದೂ ಹೀಗೆ. ಈ ಹಾಳು ಎದೆ ಯಾಕೆ ಇಷ್ಟು ಹೊಡೆದುಕೊಳ್ಳಬೇಕು?

"ಯಾಕೆ ಬಂದ್ರಿ?"

"ಸುಳ್ಳು ಹೇಳೋರ ಜೊತೆ ಬದುಕಕ್ಕಾಗಲ್ಲ ಅಂತ ಬರೆದಿದ್ರಿ. ಯಾವ ಸುಳ್ಳು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಯಾವ ಸುಳ್ಳಂತೆ! ಅವಳ ಕಣ್ಣು ಉರಿಯಿತು.

ಅದೇ ಒಂಬತ್ತು ದಿನದ ಹಿಂದೆ, ಹುಡುಗ ಬಂದು ನೋಡಿದ ಮೇಲೆ ನಿಶ್ಚಿತಾರ್ಥದ ದಿನ ಗೊತ್ತು ಮಾಡೋಣ ಅಂತ ಅಪ್ಪ ದಿವಾಕರ, ಇಲ್ಲಿಂದ ಎರಡು ಗಂಟೆ ದಾರಿಯ ರಾಂಚೊ ಬರ್ನಾರ್ಡೊದ ತಮ್ಮ ಮನೆಗೆ ಇಪ್ಪತ್ತು ಜನರನ್ನು ಊಟಕ್ಕೆ ಕರೆದಿದ್ದರು. ಅಮ್ಮ ಒಬ್ಬಟ್ಟು ತಟ್ಟಿ ತಟ್ಟಿ ಸೊಂಟ ಹಿಡಿದುಕೊಂಡಿದ್ದರು. ಬಂದದ್ದು ಹುಡುಗನಲ್ಲ, ಒಂದು ಮೆಸೇಜು. ಹಿಮಗಾಳಿ, ವಿಮಾನ ಕ್ಯಾನ್ಸಲ್! ದೀಪಾವಳಿಗೂ ಹೀಗೇ ಆಗಿತ್ತು. ನೆಂಟರು ಗಡದ್ದಾಗಿ ಉಂಡು, ಅವಳನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ ಹೋಗಿದ್ದರು.

"ನಿಮ್ಮೂರಿನ ರನ್‌ವೇ ಕ್ಯಾಮೆರಾ ಯಾರು ಬೇಕಾದ್ರೂ ಇಂಟರ್ನೆಟ್ಟಲ್ಲಿ ನೋಡಬಹುದು. ನಾನೂ ನೋಡಿದೆ. ನೀಲಿ ಆಕಾಶ, ಒಳ್ಳೆ ಬಿಸಿಲು. ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು."

ಅವನು ಸಿಟ್ಟಾಗಲಿಲ್ಲ. "ಬಿಸಿಲಾ? ನಮ್ಮೂರಲ್ಲಿ ನವೆಂಬರಿಂದ ಸೂರ್ಯ ಹುಟ್ಟೇ ಇಲ್ಲ, ಸುರಭಿ. ಜನವರಿ ತನಕ ಹುಟ್ಟೋದೂ ಇಲ್ಲ."

ಅವಳಿಗೆ ಗೊತ್ತಿತ್ತು. ಅವನೇ ಹತ್ತು ಸಲ ಹೇಳಿದ್ದ. ಫೋನಿನಲ್ಲಿ ಅದೇ ಪುಟ ತೆರೆದಳು. ಪಕ್ಕಪಕ್ಕ ಎರಡು ಚಿತ್ರ. ಒಂದು ಈಗಿನದು, ಬರೀ ಕತ್ತಲು. ಇನ್ನೊಂದರಲ್ಲಿ ನೀಲಿ ಆಕಾಶ, ಅದರ ಕೆಳಗೆ ಸಣ್ಣ ಅಕ್ಷರದ ಸಾಲು... ತಿಳಿಯಾದ ದಿನ ಈ ಜಾಗ ಹೀಗೆ ಕಾಣುತ್ತದೆ. ಪೈಲಟ್‌ಗಳು ಹೋಲಿಸಿ ನೋಡಲಿ ಅಂತ ಬೇಸಿಗೆಯಲ್ಲಿ ತೆಗೆದಿಟ್ಟ ಚಿತ್ರ ಅದು!

ಉಪಗ್ರಹದ ಚಿತ್ರಗಳಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಆದರೆ ಸಿಟ್ಟು ನೆತ್ತಿಗೇರಿದಾಗ ನಮ್ಮ ಇಂಜಿನಿಯರಮ್ಮನಿಗೆ ಒಂದು ಸಾಲು ಓದುವ ತಾಳ್ಮೆ ಇರಲಿಲ್ಲ.

"ತಪ್ಪು ನೋಡಿದ್ದು ನಾನು... ಕ್ಷಮಿಸಿ, ಅಭಯ್." ಕಣ್ಣು ತುಂಬಿ ಬಂತು.

"ಏಳು ದಿನ ವಿಮಾನ ಬರ್ಲಿಲ್ಲ. ರಸ್ತೆ ಅನ್ನೋದೇ ಇಲ್ಲ ಅಲ್ಲಿ. ನಿಮ್ಮ ಮೆಸೇಜು ಬಂದ ಮೇಲೆ ಇಂಟರ್ನೆಟ್ಟೂ ಹೋಯ್ತು. ಕೊನೆಗೆ ಬಂದ ವಿಮಾನದಲ್ಲಿ ಒಂಬತ್ತೇ ಸೀಟು. ಕಾಯಿಲೆಯವರನ್ನ ಮೊದಲು ಕಳಿಸಿ, ನಾನು ಮುಂದಿನದಕ್ಕೆ ಹತ್ತಿದೆ." ಜಾಕೆಟ್ಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. "ಮುಂದಕ್ಕೂ ಹೀಗೇ ಆಗುತ್ತೆ, ಸುರಭಿ. ಇನ್ನೂ ಎರಡು ವರ್ಷ ಇರ್ತೀನಿ ಅಂತ ಆ ಜನಕ್ಕೆ ಮಾತು ಕೊಟ್ಟಿದೀನಿ. ಬೇಡ ಅಂದ್ರೆ ಅರ್ಥ ಮಾಡ್ಕೋತೀನಿ. ಆದ್ರೆ ನೀವಂದ್ರೆ ನನಗೆ ಪ್ರಾಣ. ಅದನ್ನ ಎದುರಿಗೆ ನಿಂತೇ ಹೇಳಬೇಕು ಅಂತಿತ್ತು."

ಕಾಯಿಲೆಯವರ ಸೀಟು ಹಿಡಿದು ಬಂದಿದ್ದರೆ ಇವನು ತನಗೆ ಬೇಕಾಗುತ್ತಿದ್ದನೇ? ಇಲ್ಲ, ಖಂಡಿತ ಇಲ್ಲ. ಅವಳು ಕಣ್ಣೊರೆಸಿಕೊಂಡು ಕಾರಿನ ಇನ್ನೊಂದು ಬಾಗಿಲು ತೆರೆದಳು.

"ಹತ್ತಿ. ಅಪ್ಪನ ಹತ್ರ ನನ್ನ ತಪ್ಪು ನಾನೇ ಒಪ್ಕೋತೀನಿ."

"ಮದುವೆ ಯಾವಾಗ ಅಂತ ಕೇಳಿದ್ರೆ?"

"ಬೇಸಿಗೆಗೆ ಅನ್ನಿ. ಆಗ ಹಿಮಗಾಳಿ ಇರಲ್ವಲ್ಲ."

ಅವನು ಹತ್ತಲಿಲ್ಲ. ಇದನ್ನೂ ಹೇಳಿಯೇ ಹತ್ತಬೇಕು ಅನ್ನಿಸಿತು. "ಬೇಸಿಗೇಲಿ ಸಮುದ್ರದಿಂದ ಮಂಜು ಬರುತ್ತೆ. ಆಗಲೂ ವಿಮಾನ ನಿಲ್ಲುತ್ತೆ."

ಸುರಭಿ ಅವನ ಕೈ ಹಿಡಿದಳು, ಮೊಟ್ಟಮೊದಲ ಸಲ. "ಹಾಗಾದ್ರೆ ಮದುವೆಗೆ ಹದಿನೈದು ದಿನ ಮುಂಚೆ ನಾನೇ ನಿಮ್ಮೂರಿಗೆ ಬಂದ್ಬಿಡ್ತೀನಿ."

"ಬಂದು?"

"ವಿಮಾನ ಬಂದ್ರೆ ಇಬ್ಬರೂ ಹೊರಡೋಣ. ಬರದಿದ್ರೆ ಅಪ್ಪ, ಅಮ್ಮ, ಪುರೋಹಿತರು ಎಲ್ಲ ಕಾಯ್ಲಿ. ನಾನು ಯಾಕೆ ಕಾಯ್ಲಿ... ನಿಮ್ಮ ಪಕ್ಕದಲ್ಲೇ ಇರ್ತೀನಲ್ಲ."