ಹೆಸರು ಹೇಳಿಕೊಂಡು ಬಂದವನು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ವರದಿಗಾರನ ಹೆಂಡತಿ ಠಾಣೆಗೆ ಬಂದಳು. ಶನಿವಾರ ಸಂಜೆ ಹೋದ ಗಂಡ ಇನ್ನೂ ಬಂದಿಲ್ಲ ಎಂದಳು. ಇನ್ಸ್‌ಪೆಕ್ಟರು ದೂರು ಬರೆಸಿಕೊಳ್ಳುತ್ತಿದ್ದಾಗಲೇ ಫೋನು ಬಂತು, ಹಳೇ ಕಲ್ಲುಕ್ವಾರಿಯಲ್ಲಿ ವರದಿಗಾರನ ಹೆಣ ಬಿದ್ದಿದೆಯಂತೆ. ಆ ಸುದ್ದಿಯನ್ನು ಅವಳಿಗೆ ಹೇಳುವ ಕೆಲಸವೂ ಅವರ ಪಾಲಿಗೇ ಬಂತು.

ಹನ್ನೊಂದಕ್ಕೆ ಪಂಚನಾಮೆ. ತಲೆಯ ಹಿಂದೆ ಕಬ್ಬಿಣದ ಪೆಟ್ಟು. ಗಡಿಯಾರ, ಪರ್ಸು ಇದ್ದಲ್ಲೇ ಇದ್ದವು. ಹೆಣಕ್ಕೆ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಲಾಗಿತ್ತು. ದಾರಿಯುದ್ದಕ್ಕೂ ಕೆಸರಿದ್ದರೂ ಬೂಟಿಗೆ ಅದರ ಸೋಂಕಿರಲಿಲ್ಲ. "ನಡೆದು ಬಂದೋನಲ್ಲ ಸಾರ್, ಹೊತ್ತು ತಂದಿದ್ದಾರೆ" ಎಂದ ದಫೇದಾರ. ಕೊಲೆಯೆಂದು ಎಫ್‌ಐಆರ್ ದಾಖಲಾಯಿತು.

ಗುಡ್ಡದಲ್ಲಿ ಸರ್ಕಾರದ ವಿರುದ್ಧ ಬಂದೂಕು ಹಿಡಿದವರನ್ನು ಕಂಡು, ಮಾತಾಡಿಸಿ, ಜೀವಂತವಾಗಿ ಇಳಿದು ಬಂದು ಬರೆಯುತ್ತಿದ್ದ ಪತ್ರಕರ್ತ ಇವನೊಬ್ಬನೇ. ಪೊಲೀಸರಿಗೆ ಇವನು ಗುಡ್ಡದವರ ಕಡೆ, ಗುಡ್ಡದವರಿಗೆ ಪೊಲೀಸರ ಕಡೆ. ಅತ್ತ ದರಿ ಇತ್ತ ಪುಲಿ ಎಂಬಂಥ ಬದುಕು. ಗುಡ್ಡದವರೇ ಮುಗಿಸಿದರೆಂದು ಮೇಲಧಿಕಾರಿಗಳು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತೀರ್ಮಾನಿಸಿಬಿಟ್ಟರು. ಇನ್ಸ್‌ಪೆಕ್ಟರಿಗೆ ಅದು ಹಿಡಿಸಲಿಲ್ಲ. ಗುಡ್ಡದವರು ಗುಂಡು ಹೊಡೆದು ಹೋಗುತ್ತಾರೆ, ಹೆಣಕ್ಕೆ ಹೊದಿಕೆ ಹಾಕುವುದಿಲ್ಲ.

ವರದಿಗಾರನ ಫೋನಿಗೆ ಬಂದ ಕೊನೆಯ ಕರೆ ಜೀಪು ಡ್ರೈವರನದು. ಎಷ್ಟೋ ವರ್ಷಗಳಿಂದ ಅವನನ್ನು ಗುಡ್ಡದ ಬುಡಕ್ಕೆ ಬಿಟ್ಟು ಬರುತ್ತಿದ್ದವನು ಇವನೇ. ಇನ್ಸ್‌ಪೆಕ್ಟರು ಹೋದಾಗ ಅವನ ಮನೆ ಮುಂದಿನ ಜೀಪಿಗೆ ಮೇಲು ಹೊದಿಕೆಯೇ ಇರಲಿಲ್ಲ. ಒಳಗೆ ಗೋಡೆಯ ಮೇಲೆ ತಮ್ಮನ ಫೋಟೋ ಹೊಸದಾಗಿ ಏರಿತ್ತು. ಗುಡ್ಡ ಸೇರಿದ್ದ ಆ ತಮ್ಮ ಹೋದ ತಿಂಗಳು ಪೊಲೀಸ್ ಪಡೆಯವರ ಗುಂಡಿಗೆ ಸತ್ತಿದ್ದ.

"ಶನಿವಾರ ಎಲ್ಲಿದ್ದೆ?"

"ಮನೇಲಿ."

"ಜೀಪಿನ ಟಾರ್ಪಾಲು?"

ಡ್ರೈವರನ ಕಣ್ಣು ಬಾಗಿಲಾಚೆಯ ಜೀಪಿನತ್ತ ಹೋಯಿತು.

"ಅವನಿಗ್ಯಾಕೆ ಹೊದಿಸಿದೆ?"

ಡ್ರೈವರು ತಲೆ ತಗ್ಗಿಸಿದ. "ಮಳೆ ಬರ್ತಿತ್ತು ಸಾರ್."

ಆಮೇಲೆ ತಾನಾಗಿಯೇ ಎಲ್ಲ ಹೇಳಿದ. ಹೋದ ತಿಂಗಳು ಕ್ಯಾಮೆರಾ ಹೊತ್ತ ಒಬ್ಬ ಬಂದು, ವರದಿಗಾರರಿಗೆ ಜ್ವರ, ನನ್ನನ್ನು ಅವರೇ ಕಳಿಸಿದ್ದು ಎಂದನಂತೆ. ಆ ಹೆಸರು ಕೇಳಿದ ಮೇಲೆ ಅನುಮಾನದ ಮಾತೆಲ್ಲಿ? ತಮ್ಮನ ಹತ್ತಿರ ಕರೆದೊಯ್ದ. ವಾರ ಕಳೆಯುವುದರೊಳಗೆ ಪಡೆ ಬಂದು ಸುತ್ತುವರಿಯಿತು. ತನ್ನ ಮನೆಯಲ್ಲಿ ಉಂಡ ವರದಿಗಾರನೇ ತಮ್ಮನನ್ನು ಮಾರಿಕೊಂಡ ಎಂದು ನಂಬಿಬಿಟ್ಟ. ಮತ್ತೆ ಗುಡ್ಡಕ್ಕೆ ಹೋಗೋಣವೆಂದು ಶನಿವಾರ ಕರೆಸಿಕೊಂಡು, ಜೀಪಿನೊಳಗೇ ಜಾಕಿನ ರಾಡಿನಿಂದ ಹೊಡೆದ. ಸಂಜೆ ಐದಕ್ಕೆ ಬಂಧನ.

ಆದರೆ ಕ್ಯಾಮೆರಾದವನು ಯಾರು? ಗಂಡ ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ, ಯಾರನ್ನೂ ಕಳಿಸಿಲ್ಲ ಎಂದಳು ವರದಿಗಾರನ ಹೆಂಡತಿ. ಪತ್ರಿಕೆಯಲ್ಲಿ ಫೋಟೋಗ್ರಾಫರನೇ ಇರಲಿಲ್ಲ. ಪತ್ರಿಕೆಯವರು ಮಾತು ತಿರುಚುತ್ತಾರೆಂಬ ಭಯಕ್ಕೆ ಗುಡ್ಡದವರು ಪ್ರತಿ ಸಂದರ್ಶನವನ್ನೂ ತಾವೂ ರೆಕಾರ್ಡ್ ಮಾಡಿಟ್ಟುಕೊಳ್ಳುವ ರೂಢಿ. ಆ ದಿನದ ಮೆಮೊರಿ ಕಾರ್ಡನ್ನು ಡ್ರೈವರನ ತಮ್ಮನೇ ಅಣ್ಣನ ಕೈಗೆ ಕೊಟ್ಟಿದ್ದ. ಡ್ರೈವರು ಅದನ್ನು ಮನೆಯಿಂದ ತರಿಸಿಕೊಟ್ಟ.

ಇನ್ಸ್‌ಪೆಕ್ಟರು ಕೇಳಿಸಿಕೊಂಡರು. ನೀರು ಎಲ್ಲಿಂದ ತರ್ತೀರಿ, ಕಾವಲು ಯಾವಾಗ ಬದಲಾಗುತ್ತೆ, ಒಟ್ಟು ಎಷ್ಟು ಜನ. ಓದುಗರಿಗೆ ಬೇಕಾದ ಒಂದು ಪ್ರಶ್ನೆಯೂ ಇಲ್ಲ. ನಡುವೆ ಒಂದು ನಗು ಬಂತು. ಅವರು ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರು. ಅದು ಗುಪ್ತಚರ ವಿಭಾಗದಲ್ಲಿದ್ದ ಅವರ ಭಾವನ, ಸ್ವಂತ ಅಕ್ಕನ ಗಂಡನ ನಗು.

ನೇರ ಅಕ್ಕನ ಮನೆಗೆ ಹೋದರು. ಭಾವ ಅಲ್ಲಗಳೆಯಲಿಲ್ಲ. ವರದಿಗಾರನ ಫೋನು ಕದ್ದು ಕೇಳುತ್ತಿದ್ದೆವು, ಕಾಯಿಲೆ ಬಿದ್ದದ್ದು ಅನುಕೂಲವೇ ಆಯಿತು ಎಂದ.

"ಅವನ ಹೆಸರೇ ಯಾಕೆ ಬೇಕಿತ್ತು ಭಾವ?"

"ಆ ಹೆಸರನ್ನ ಮಾತ್ರ ಅವರು ನಂಬ್ತಿದ್ರು."

"ಆಮೇಲೆ ಅವನ ಗತಿ?"

"ಅದನ್ನೆಲ್ಲ ಯೋಚಿಸ್ತಾ ಕೂತ್ರೆ ನಮ್ಮ ಕೆಲಸ ಆಗಲ್ಲ ಕಣಯ್ಯ. ಬಂದಿದ್ದೀಯ, ಊಟ ಮಾಡ್ಕೊಂಡು ಹೋಗು."

ಅಕ್ಕ ಆಗಲೇ ತಟ್ಟೆ ಹಾಕಿದ್ದಳು. ಇನ್ಸ್‌ಪೆಕ್ಟರು ಕೂರದೆ ಹೊರಬಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಠಾಣೆಗೆ ಬಂದು, ಭಾವನ ಹೆಸರನ್ನೂ ಕೇಸಿನ ಕಡತಕ್ಕೆ ಸೇರಿಸಲು ಹೇಳಿದರು.

"ಮೇಲೆ ಹೋದ್ರೆ ಈ ಹೆಸರು ಉಳಿಯಲ್ಲ ಸಾರ್" ಎಂದ ದಫೇದಾರ.

"ಗೊತ್ತು. ನೀನು ಬರಿ."

ಮಂಗಳವಾರ ಕೋರ್ಟಿಗೆ ಹೊರಡುವ ಮೊದಲು ಲಾಕಪ್ಪಿನ ಮುಂದೆ ನಿಂತು ಡ್ರೈವರನಿಗೆ ಇದ್ದದ್ದನ್ನು ಹೇಳಿದರು. ಬಂದವನು ಪೊಲೀಸು, ವರದಿಗಾರನಿಗೆ ಏನೂ ಗೊತ್ತಿರಲಿಲ್ಲ. ತಮ್ಮನ ಸಾವಿನ ಸಂಕಟವೇ ಇವನ ಕೈಗೆ ರಾಡು ಕೊಟ್ಟಿತ್ತು, ಹೊಡೆತ ಮಾತ್ರ ತಪ್ಪು ತಲೆಗೆ ಬಿದ್ದಿತ್ತು.

ಡ್ರೈವರು ಲಾಕಪ್ಪಿನ ಸರಳು ಹಿಡಿದುಕೊಂಡ.

"ಜೀಪು ಹತ್ತಿದಾಗಿಂದ ಅವರು ಒಂದೇ ಸಮ ಕೇಳ್ತಿದ್ರು ಸಾರ್, ನಿನ್ನ ತಮ್ಮನ್ನ ಯಾರು ಹಿಡ್ಕೊಟ್ರು ಹೇಳು, ನಾನು ಬರೀತೀನಿ ಅಂತ. ನಾಟಕ ಆಡ್ತಿದ್ದಾರೆ ಅಂದ್ಕೊಂಡೆ."